ಒಂಬತ್ತು ಮರಿ, ಹದಿನೆಂಟು ಕಾಲು

ಮಾರ್ಚ್ 4, ಸೋಮವಾರ

ಇವತ್ತು ಆಫೀಸಿನಲ್ಲಿ ಗೆದ್ದೆ ಎಂದೇ ಬರೆದುಕೊಳ್ಳುತ್ತೇನೆ.

ಈ ಸಲ ನೂರು ಕೋಳಿಮರಿಗೆ ಏಳರ ಕಾಲು ಕೆಟ್ಟಿವೆ. ಎರಡು ತಿಂಗಳ ಹಿಂದೆ ನೂರಕ್ಕೆ ಒಂದು ಸಿಕ್ಕರೆ ಹೆಚ್ಚು. ಇಪ್ಪತ್ತಾರು ವರ್ಷದಿಂದ ಈ ಹ್ಯಾಚರಿಯ ಆಯುವ ಮೇಜಿನ ಮುಂದೆ ನಿಂತಿದ್ದೇನೆ. ಟ್ರೇ ಬಂದಂತೆ ಮರಿಯನ್ನೆತ್ತಿ ಕಣ್ಣು, ಹೊಕ್ಕಳು, ಕಾಲು ನೋಡಿ ಒಳ್ಳೆಯದನ್ನು ಹಳದಿ ಬುಟ್ಟಿಗೆ, ಕೆಟ್ಟದ್ದನ್ನು ಕೆಂಪು ಬುಟ್ಟಿಗೆ ಹಾಕುವುದು ನನ್ನ ಕೆಲಸ. ಒಂದು ಮರಿಗೆ ಎರಡು ಸೆಕೆಂಡು. ಕೆಂಪು ಬುಟ್ಟಿಯ ಮಾಲು ಆಮೇಲೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ನಾನೂ ಕೇಳಿದವಳಲ್ಲ.

ಮಾಲೀಕರು ನನ್ನನ್ನೂ ಥರ್ಮಾಮೀಟರನ್ನೂ ಎದುರುಬದುರು ಕೂರಿಸಿದರು. ಥರ್ಮಾಮೀಟರ್ ಎಂದರೆ ಮೊಟ್ಟೆ ಮರಿಯಾಗುವ ಯಂತ್ರಗಳನ್ನು ನೋಡಿಕೊಳ್ಳುವವನು. ಯಂತ್ರದ ಬಾಗಿಲಿನಿಂದ ಹಿಡಿದು ಟೀ ಲೋಟದವರೆಗೆ ಎಲ್ಲಕ್ಕೂ ಮುಂಗೈ ತಾಗಿಸಿ ಶಾಖ ನೋಡುತ್ತಾನೆ, ಅದಕ್ಕೇ ಆ ಹೆಸರು. ಹತ್ತು ವರ್ಷದ ಹಿಂದೆ ಎಲ್ಲರ ಮುಂದೆ "ಮೇಡಂಗೆ ಕಣ್ಣು ಚುರುಕು, ಕೈ ಚುರುಕು, ಕಿವಿ ಒಂದು ಕೊಡೋಕೆ ದೇವ್ರು ಮರೆತುಬಿಟ್ಟ" ಎಂದಿದ್ದ. ಅವತ್ತಿನಿಂದ ಅವನೊಡನೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತು.

"ಒಳಗೆ ಶಾಖ ಏರುಪೇರಾಗ್ತಿದೆ ಸಾರ್. ಅದಕ್ಕೇ ಹುಟ್ಟೋವಾಗಲೇ ಕುಂಟು," ಎಂದೆ.

"ಶಾಖ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ ಸಾರ್," ಎಂದ ಅವನು. "ಮೊಟ್ಟೆ ಒಡೆದು ಬರೋವಾಗ ಕಾಲು ಚೆನ್ನಾಗೇ ಇರ್ತವೆ. ಆಮೇಲೆ ಏನಾಗುತ್ತೋ ನನಗೂ ತಿಳೀತಿಲ್ಲ. ಆದ್ರೆ ಇದು ಹುಟ್ಟು ಕುಂಟಲ್ಲ. ಬೇಗ ಕಟ್ಟಿದ್ರೆ ಸರಿಹೋಗುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಗೋಡೆಗೆ ಹೇಳಿದೆ. ಮಾಲೀಕರು ನಕ್ಕರು. ಅವನು ನಗಲಿಲ್ಲ.

ಕೊನೆಗೆ ತೀರ್ಮಾನವಾದದ್ದು ಇಷ್ಟು: ಮುಂದಿನ ಸೋಮವಾರ ನಾನು ವರದಿ ಕೊಡಬೇಕು. ತಪ್ಪು ಯಂತ್ರದ ಮನೆಯದಾದರೆ ಥರ್ಮಾಮೀಟರ್ ಹೊರಗೆ. ಯಂತ್ರದ ಮನೆಯ ಹಿಂದಿನ ಎರಡು ಕೋಣೆಯಲ್ಲೇ ಗಂಡಹೆಂಡತಿ ಇರುವುದು, ಕೆಲಸದ ಜೊತೆ ಸೂರೂ ಹೋಗುತ್ತದೆ. ಈ ವಯಸ್ಸಿನಲ್ಲಿ ಅವನನ್ನು ಇನ್ಯಾವ ಯಂತ್ರ ಹತ್ತಿರ ಸೇರಿಸುತ್ತದೋ ಗೊತ್ತಿಲ್ಲ. ಆದರೆ ಉಪ್ಪು ತಿಂದವನು ನೀರು ಕುಡಿಯಲೇಬೇಕು. ಜನವರಿಯಲ್ಲಿ ನಾನು ಹಟ ಹಿಡಿದು, ಮರಿ ಬೀಳುವ ಟ್ರೇಗಳ ತಳದಿಂದ ಗಬ್ಬು ನಾರುವ ಗೋಣಿ ಹಾಸು ತೆಗೆಸಿ ಬಿಳಿ ಪ್ಲಾಸ್ಟಿಕ್ ಹಾಳೆ ಹಾಕಿಸಿದೆ. ಒಂದು ಸಲ ನೀರು ಬಿಟ್ಟರೆ ಕನ್ನಡಿ. ಎಲ್ಲರೂ ಹೊಗಳಿದರು. ಆ ಹೆಸರನ್ನೂ ಇವನ ಯಂತ್ರ ಮಣ್ಣುಪಾಲು ಮಾಡುತ್ತಿದೆ.

ಅವನ ಮಾತು ಸುಳ್ಳೆಂದು ತೋರಿಸಲು ಕಾಲು ಕೆಟ್ಟ ಎಂಟು ಮರಿಗಳನ್ನು ಮನೆಗೆ ತಂದಿದ್ದೇನೆ. ಅವನು ಹೇಳಿದ ಹಾಗೆಯೇ ಕಟ್ಟುತ್ತೇನೆ, ಒಂದೂ ಏಳುವುದಿಲ್ಲ, ಅದನ್ನೇ ಬರೆಯುತ್ತೇನೆ. ಹೇಗೆ ಕಟ್ಟಬೇಕೆಂದು ಅವನೇ ಚೀಟಿ ಕೊಟ್ಟ, ಚಿತ್ರ ಸಮೇತ. ಕೊನೆಯ ಸಾಲು: "ಒಂದು ಗಟ್ಟಿ ಮರೀನೂ ಜೊತೆಗಿಡಿ. ಅದನ್ನ ನೋಡಿ ಉಳಿದವು ಕಲೀತವೆ." ಅದನ್ನೂ ತಂದೆ. ಆಮೇಲೆ ನೆಪ ಹೇಳುವುದಕ್ಕೆ ದಾರಿ ಇರಬಾರದು.

ಮಾರ್ಚ್ 5, ಮಂಗಳವಾರ

"ಏನೇ ಇದು! ಇಷ್ಟು ದಿನ ಬರೀ ವಾಸನೆ ತರ್ತಿದ್ದೆ, ಈಗ ಮಾಲೂ ತರೋಕೆ ಶುರು ಮಾಡಿದ್ಯಾ?" ಎಂದರು ಅತ್ತಿಗೆ.

ಅಣ್ಣ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಹಿಂದಿನದರಲ್ಲಿ ನಾನು. ಮರಿಗಳಿಗೆ ಅವರ ಹಳೆಯ ತಗಡಿನ ಟ್ರಂಕು ಖಾಲಿ ಮಾಡಿ ಕೊಟ್ಟರು. ತಳಕ್ಕೆ ಉಡುಪಿನ ಚಿತ್ರಗಳಿರುವ ಅವರ ಹಳೇ ಪುಸ್ತಕದ ಮಿರುಗುವ ಹಾಳೆಗಳನ್ನು ಹರಿದು ಹಾಸಿದೆ, ಮೇಲೆ ಬಲ್ಬು ತೂಗುಬಿಟ್ಟೆ. ಚೊಕ್ಕಟವಾಗಿದೆ.

ನಾಲ್ಕು ಮರಿಗಳ ಕಾಲು ಎರಡು ಪಕ್ಕಕ್ಕೂ ಚಾಚಿ ಹೋಗಿ ಹೊಟ್ಟೆ ನೆಲಕ್ಕೆ ಅಂಟಿದೆ. "ಬಾಯಿ ತೆರೆದ ಕತ್ತರಿ," ಎಂದರು ಅತ್ತಿಗೆ. ಮೂರರ ಬೆರಳು ಮುಷ್ಟಿಯ ಹಾಗೆ ಒಳಕ್ಕೆ ಮಡಚಿವೆ. ಒಂದರ ಹಿಮ್ಮಡಿಯ ಗಂಟು ಊದಿ ಕಾಲು ಪಕ್ಕಕ್ಕೆ ತಿರುಗಿದೆ. ಅದಕ್ಕೆ ಮಾತ್ರ ಥರ್ಮಾಮೀಟರಿನ ಚೀಟಿಯಲ್ಲೂ "ಕಷ್ಟ" ಎಂದಿದೆ.

ಕಟ್ಟುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಮೊದಲ ಮರಿಗೇ ಗೊತ್ತಾಯಿತು. ನಾನು ಅಂಗೈಯಲ್ಲಿ ಹಿಡಿದು ಎರಡೂ ಕಾಲನ್ನು ಹೊಟ್ಟೆಯ ಕೆಳಗೆ ತರಬೇಕು, ಅತ್ತಿಗೆ ಅಂಟುಪಟ್ಟಿಯನ್ನು ಅರ್ಧ ಬೆರಳಗಲಕ್ಕೆ ಸೀಳಿ ಎರಡು ಕಾಲಿಗೂ ಸುತ್ತಬೇಕು, ನಡುವೆ ಒಂದು ಬೆರಳಿನ ಜಾಗ ಬಿಡಬೇಕು. ಅತ್ತಿಗೆ ಕನ್ನಡಕ ಏರಿಸಿ, ಕೊರಳ ಟೇಪು ತೆಗೆದು ಅಳೆದೇ ಬಿಟ್ಟರು. "ನಲವತ್ತು ವರ್ಷದಲ್ಲಿ ಇಷ್ಟು ಚಿಕ್ಕ ಗಿರಾಕಿ ಬಂದಿರ್ಲಿಲ್ಲ," ಎಂದರು. ಬೆರಳು ಮಡಚಿದವಕ್ಕೆ ರಟ್ಟಿನಲ್ಲಿ ಚಪ್ಪಲಿ ಕತ್ತರಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದರ ಮೇಲೆ ಅಂಟಿಸಿದರು.

ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮರಿಯನ್ನು ಹಿಡಿದದ್ದು ನನಗೆ ಇದೇ ಮೊದಲಿರಬೇಕು. ಎದೆ ಬಡಿಯುವುದು ಅಂಗೈಗೆ ಗೊತ್ತಾಗುತ್ತದೆ. ತುಂಬ ಜೋರಾಗಿ, ಎಣಿಸಲಿಕ್ಕೆ ಬರದಷ್ಟು. ಇದು ವರದಿಗೆ ಬೇಕಾದ ವಿಷಯವಲ್ಲ.

ಮಾರ್ಚ್ 6, ಬುಧವಾರ

ಕೆಲಸಕ್ಕೆ ಹೊರಡುವ ಮುಂಚೆ ನೋಡಿದರೆ ಒಂದು ಮರಿ ತನ್ನ ರಟ್ಟಿನ ಚಪ್ಪಲಿಯನ್ನು ತಾನೇ ಕುಟುಕಿ ಕಿತ್ತುಕೊಂಡಿತ್ತು. ಬೈಯುತ್ತಲೇ ಎತ್ತಿದೆ. ಬೆರಳು ನೆಟ್ಟಗಿತ್ತು.

ಮುಂದಿನ ಮೂರೂ ಬೆರಳು, ಹಿಂದಿನ ಒಂದೂ. ನಿನ್ನೆ ಗಟ್ಟಿ ಮುಷ್ಟಿಯಾಗಿದ್ದದ್ದು ಇವತ್ತು ನನ್ನ ತೋರುಬೆರಳನ್ನು ಸುತ್ತಿ ಹಿಡಿಯಿತು. ಒಂದು ದಿನ, ಒಂದು ರಟ್ಟಿನ ತುಂಡು! ನಾನು ಬಸ್ಸು ತಪ್ಪಿಸಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಎರಡನೆಯ ಸಲ ತಡವಾಗಿ ಹೋದದ್ದು.

ಆದರೂ ಬೆರಳು ಬೇರೆ, ಕಾಲು ಬೇರೆ. ಕತ್ತರಿಗಳು ಇನ್ನೂ ಕತ್ತರಿಗಳೇ. ಅವು ಏಳುವುದಿಲ್ಲ.

ಗಟ್ಟಿ ಮರಿಗೆ ಅತ್ತಿಗೆ 'ಮೇಷ್ಟ್ರು' ಎಂದು ಹೆಸರಿಟ್ಟಿದ್ದಾರೆ. ಎಲ್ಲರ ಮುಂದೆ ಎದೆಯುಬ್ಬಿಸಿ ಓಡಾಡುತ್ತದೆ, ನೀರು ಎಲ್ಲಿದೆ ಎಂದು ತಾನೇ ಮೊದಲು ಕುಡಿದು ತೋರಿಸುತ್ತದೆ. ಮಾಲಿಗೆಲ್ಲ ಹೆಸರಿಡಬೇಡಿ ಎಂದರೆ, "ನಿನಗೂ ಒಂದು ಇಟ್ಟಿದ್ದೀನಿ, ಕೇಳ್ತೀಯಾ?" ಎಂದರು. ಕೇಳಲಿಲ್ಲ.

ಮಾರ್ಚ್ 7, ಗುರುವಾರ

ಗಂಟು ಊದಿದ್ದು ಸತ್ತಿತು. ಬೆಳಿಗ್ಗೆ ಅತ್ತಿಗೆಯ ಸೆರಗಿನೊಳಗೆ. ಕೆಂಪು ಬುಟ್ಟಿಗೆ ಹಾಕಿದ್ದರೆ ಸೋಮವಾರವೇ ಮುಗಿಯುತ್ತಿತ್ತು. ಮೂರು ದಿನ ಇದ್ದದ್ದರಿಂದ ಅದಕ್ಕೇನು ಲಾಭ ಎಂದು ಅತ್ತಿಗೆಯನ್ನು ಕೇಳಿದೆ. ಅವರು ಅದರ ಕೊಕ್ಕಿನ ನೀರು ಒರೆಸಿದರು.

ಮಾರ್ಚ್ 8, ಶುಕ್ರವಾರ

ಮೇಷ್ಟ್ರು ಬಿದ್ದರು.

ನಿನ್ನೆ ಸಂಜೆಯೇ ಸ್ವಲ್ಪ ತೂಗಾಡುತ್ತಿತ್ತು, ತುಂಟಾಟ ಅಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಆ ಗಟ್ಟಿಮುಟ್ಟು ಮರಿ ಎರಡೂ ಕಾಲು ಚಾಚಿ ಹೊಟ್ಟೆಯ ಮೇಲೆ ಕೂತಿದೆ. ಏಳಲು ನೋಡುತ್ತದೆ, ಬಲಗಾಲು ಜಾರುತ್ತದೆ. ಮತ್ತೆ ನೋಡುತ್ತದೆ, ಎಡಗಾಲು ಜಾರುತ್ತದೆ. ನಾನೇ ಆಯ್ದ ಮರಿ. ಆ ಸೋಮವಾರದ ಒಂದೂವರೆ ಸಾವಿರದಲ್ಲಿ ಅದಕ್ಕಿಂತ ನೆಟ್ಟಗೆ ನಿಂತದ್ದು ಇನ್ನೊಂದಿರಲಿಲ್ಲ. ಅದು ಹುಟ್ಟು ಕುಂಟು ಎನ್ನಲು ನನ್ನ ಬಾಯಿಂದಲೂ ಸಾಧ್ಯವಿಲ್ಲ.

ಅತ್ತಿಗೆ ಟ್ರಂಕಿನೊಳಗೆ ಕೈಯಿಟ್ಟು ಹಾಳೆಯ ಮೇಲೆ ಬೆರಳಾಡಿಸಿದರು. "ಇದರ ಮೇಲೆ ನಾನು ಕಾಲಿಟ್ರೂ ಜಾರಿಬೀಳ್ತೀನಿ. ನಾಲ್ಕು ದಿನದ ಕೂಸುಗಳು ಏನು ಮಾಡ್ತವೆ? ಕುಣಿಯೋಕೆ ಬರಲ್ಲ ಅಂತ ಸುಮ್ನೆ ಬೈಕೊಂಡ್ವಿ, ನೆಲವೇ ಡೊಂಕು ಕಣೇ ಇಲ್ಲಿ."

ಆ ಗಾದೆಯನ್ನು ನಾನು ಸೋಮವಾರ ಎಲ್ಲಿ ಯಾರಿಗೆ ಹೇಳಿದ್ದೆ ಎಂದು ಅವರಿಗೆ ತಿಳಿಸಿಲ್ಲ. ಅತ್ತಿಗೆ ಹಾಳೆಗಳನ್ನು ಮುದುರಿ ಎಸೆದು, ಹಳೇ ಟರ್ಕಿ ಟವೆಲು ಕತ್ತರಿಸಿ ಹಾಸಿದರು. ಮೇಷ್ಟ್ರಿಗೂ ಪಟ್ಟಿ ಕಟ್ಟಿದೆವು. ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು.

ಟ್ರೇಗಳ ಬಿಳಿ ಹಾಳೆ. ಕನ್ನಡಿಯಂಥ ಹಾಳೆ. ಇದನ್ನು ಬರೆಯದೆ ಇವತ್ತು ಮಲಗಬಹುದಿತ್ತು, ಬರೆದಾಯಿತು.

ಮಾರ್ಚ್ 9, ಶನಿವಾರ

ಆಯುವ ಮೇಜಿನ ನನ್ನ ಪುಸ್ತಕ ತೆಗೆದು ನೋಡಿದೆ. ಗೋಣಿ ಇದ್ದ ಕೊನೆಯ ಸಲ ಕಾಲು ಕೆಟ್ಟದ್ದು ನೂರಕ್ಕೆ ಒಂದು. ಹಾಳೆ ಹಾಕಿದ ಮೊದಲ ಸಲವೇ ಐದು. ಆಮೇಲೆ ಆರು, ಆರು, ಏಳು. ಎಲ್ಲವೂ ನನ್ನದೇ ಕೈಬರಹ, ದುಂಡಗೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ.

ಥರ್ಮಾಮೀಟರ್ ಅಂಗಳದಲ್ಲಿ ಸಾಮಾನು ಕಟ್ಟಲು ರಟ್ಟಿನ ಪೆಟ್ಟಿಗೆ ಹುಡುಕುತ್ತಿದ್ದ. "ಮರಿ ಹೇಗಿವೆ ಮೇಡಂ?" ಎಂದು ಕೇಳಿದ. "ಇವೆ," ಎಂದೆ.

ಮಾರ್ಚ್ 10, ಭಾನುವಾರ

ಇವತ್ತು ನೋಡಿದ್ದನ್ನು ಎಲ್ಲಿಂದ ಶುರುಮಾಡಲಿ!

ಮಧ್ಯಾಹ್ನ ಕತ್ತರಿಗಳ ಪಟ್ಟಿ ಬಿಚ್ಚಿದೆವು. ಒಣಗಿದ ಅಂಟು ಎಳೆದರೆ ಚರ್ಮವೇ ಬರುತ್ತದೆಂದು ಅತ್ತಿಗೆ ಅಡುಗೆ ಎಣ್ಣೆಯಲ್ಲಿ ಹತ್ತಿ ಅದ್ದಿ ಒಂದೊಂದೇ ಎಳೆ ಸಡಿಲಿಸಿದರು. ಕಿಟಕಿಯ ಬಿಸಿಲು ಟವೆಲಿನ ಮೇಲೆ ಬಿದ್ದಿತ್ತು. ಮೊದಲನೆಯದನ್ನು ಅದರ ನಡುವೆ ಇಟ್ಟು ಕೈ ತೆಗೆದೆ. ಕೂತೇ ಇತ್ತು.

ಆಮೇಲೆ ಅದು ಎದ್ದು ನಿಂತಿತು. ಮೊದಲು ಹಿಂಭಾಗ, ಆಮೇಲೆ ಎದೆ. ಕಾಲೆರಡೂ ದೇಹದ ಕೆಳಗೇ ಇದ್ದವು, ಬೆಂಕಿಕಡ್ಡಿಯಷ್ಟು ಸಣ್ಣ ಕಾಲು, ಮೈಯ ಭಾರವನ್ನೆಲ್ಲ ಹೊತ್ತು ನಡುಗುತ್ತಿದ್ದವು. ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಮುಂದೆ ಏನು ಹೊಳೆಯಿತೋ, ಟವೆಲಿನ ಈ ತುದಿಯಿಂದ ಆ ತುದಿಗೆ ಓಡಿಬಿಟ್ಟಿತು. ಯಾರೂ ಹೇಳಿಕೊಟ್ಟಿಲ್ಲ, ಮೇಷ್ಟ್ರೇ ಕಾಲು ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತಿದೆ. ಆರು ದಿನ ನೆಲಕ್ಕೆ ಅಂಟಿಕೊಂಡಿದ್ದ ಜೀವಕ್ಕೆ ಓಡುವುದು ಹೀಗೆ ಎಂದು ಎಲ್ಲಿಂದ ಗೊತ್ತಾಯಿತು? ಆ ಓಟ ಅದರೊಳಗೇ ಇತ್ತೇ? ನಾವು ಮಾಡಿದ್ದು ಕಾಲು ಜಾರದ ಹಾಗೆ ನೋಡಿಕೊಂಡದ್ದಷ್ಟೇ. ನನಗೆ ಅಳು ಬಂತು. ಅತ್ತಿಗೆ ನೋಡದ ಹಾಗೆ ನಟಿಸಿದರು, ಅವರಿಗೂ ಬಂದಿತ್ತು.

ನಾಲ್ಕರಲ್ಲಿ ಮೂರು ಎದ್ದವು. ನಾಲ್ಕನೆಯದು ಇನ್ನೂ ಜಾರುತ್ತಿದೆ, ಮತ್ತೆ ಕಟ್ಟಿದ್ದೇವೆ. ಕೆಂಪು ಬುಟ್ಟಿಯ ಇಪ್ಪತ್ತಾರು ವರ್ಷದ ಲೆಕ್ಕ ಮನಸ್ಸಿನಲ್ಲೇ ಹಾಕಲು ಹೋದೆ. ನೂರಕ್ಕೆ ಒಂದರಂತೆ ಹಿಡಿದರೂ... ಬೇಡ. ಆ ಲೆಕ್ಕ ನನ್ನ ಕೈಲಾಗುವುದಿಲ್ಲ.

ವರದಿ ಎರಡು ಸಲ ಬರೆದೆ. ಮೊದಲನೆಯದರಲ್ಲಿ ಶಾಖ ಎಂದಿದೆ. ಅದನ್ನು ಕೊಟ್ಟರೆ ಯಾರೂ ನನ್ನನ್ನು ಕೇಳುವುದಿಲ್ಲ, ಗೋಣಿಯನ್ನು ಆಮೇಲೆ ಸದ್ದಿಲ್ಲದೆ ಹಾಕಿಸಬಹುದು. ಓದಿದೆ, ಚೆನ್ನಾಗಿಯೇ ಬರೆದಿದ್ದೇನೆ. ಒಲೆಗೆ ಹಾಕಿದೆ.

ಮಾರ್ಚ್ 11, ಸೋಮವಾರ

ಮಾಲೀಕರು ಎರಡನೆಯ ವರದಿಯನ್ನು ಪೂರ್ತಿ ಓದಿ ಮಡಚಿ ನನ್ನ ಕಡೆಗೇ ತಳ್ಳಿದರು.

"ಆಯ್ತು, ಹಾಳೆ ತೆಗೆಸೋಣ. ಆದ್ರೆ ವರದೀಲಿ ಶಾಖ ಅಂತಾನೇ ಇರ್ಲಿ. ಮರಿ ಕೊಳ್ಳೋರಿಗೆಲ್ಲ ಹಾಗಂತ ಹೇಳಿಯಾಗಿದೆ. ಯಂತ್ರದ ಮನೆಯವರಿಗೂ ವಯಸ್ಸಾಯ್ತು, ಹೋಗ್ಲಿ. ನಿಮ್ಮ ಹೆಸರು ಯಾಕೆ ಕೆಡಿಸ್ಕೋತೀರಿ?"

ಇಂಥ ಮಾತಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಹೋಗಿರಲಿಲ್ಲ. ಸಾಕ್ಷಿಗೆಂದು ಚೀಲದಲ್ಲಿ ತಂದಿದ್ದ ಮೇಷ್ಟ್ರನ್ನು ತೆಗೆದು ಅವರ ಗಾಜಿನ ಮೇಜಿನ ಮೇಲೆ ಬಿಟ್ಟೆ. ಬೆಳಿಗ್ಗೆಯಷ್ಟೇ ಪಟ್ಟಿ ಬಿಚ್ಚಿದ್ದೆ. ಎರಡು ಹೆಜ್ಜೆ ಇಟ್ಟು ಕಾಲು ಚಾಚಿ ಬಿತ್ತು. ಎತ್ತಿ, ಟವೆಲಿನ ತುಂಡು ಹಾಸಿ ಅದರ ಮೇಲೆ ಬಿಟ್ಟೆ. ನಿಂತುಕೊಂಡು ಮಾಲೀಕರ ಪೆನ್ನು ಕುಟುಕಿತು.

ಅವರು ಪೆನ್ನು ಎತ್ತಿ ಜೇಬಿಗೆ ಸಿಕ್ಕಿಸಿಕೊಂಡರು.

"ನೀವು ಹೇಳ್ತೀರೋ, ನಾನೇ ಹೇಳ್ಲೋ ಸಾರ್?" ಎಂದೆ. ಅವರು ಕುರ್ಚಿಯಿಂದ ಏಳಲಿಲ್ಲ. ನಾನು ಹೊರಗೆ ಬಂದು, ಆಯುವವರು, ತೊಳೆಯುವವರು, ಲಾರಿಯ ಡ್ರೈವರು ಎಲ್ಲರೂ ಟೀಗೆ ಸೇರಿದ್ದ ಪಡಸಾಲೆಯಲ್ಲಿ ನಿಂತೆ. "ಹಾಳೆ ಹಾಕ್ಸಿದ್ದು ನಾನು. ಮರಿಗಳ ಕಾಲು ಕೆಟ್ಟಿದ್ದು ಅದರಿಂದ. ಯಂತ್ರದ ಮನೇದು ಏನೂ ತಪ್ಪಿಲ್ಲ. ತಿಳೀದೆ ಬೇರೆಯವರ ತಲೆಗೆ ಕಟ್ಟಿದೆ." ಅಷ್ಟೇ ಹೇಳಿದ್ದು.

ಸಂಜೆ ಮಾಲೀಕರು ಕರೆದು, ಆಯುವ ಮೇಜಿನ ಹೊಣೆ ಇನ್ನು ಮೇಲೆ ನನಗಿಲ್ಲ ಎಂದರು. ಯಂತ್ರದ ಮನೆಯಲ್ಲಿ ಸಹಾಯಕ್ಕೆ ಆಳು ಬೇಕಂತೆ, ಇರುವುದಾದರೆ ಅಲ್ಲಿಗೆ ಹೋಗಬೇಕಂತೆ. ಹೂಂ ಎಂದೆ. ಥರ್ಮಾಮೀಟರಿನ ಕೈಕೆಳಗೆ!

ಮಾರ್ಚ್ 12, ಮಂಗಳವಾರ

ಸಂಜೆ ಬಾಗಿಲು ತಟ್ಟಿದವರು ಥರ್ಮಾಮೀಟರ್. ಒಳಗೆ ಬಂದು ಕೂರಲೂ ಇಲ್ಲ, ಸೀದಾ ಟ್ರಂಕಿನ ಹತ್ತಿರ ಹೋಗಿ ಬಲ್ಬಿನ ಕೆಳಗೆ ಮುಂಗೈ ಹಿಡಿದರು. "ಶಾಖ ಸರಿಯಾಗಿದೆ," ಎಂದರು.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ನಾಲ್ಕನೆಯ ಮರಿಯನ್ನು ಎತ್ತಿ ನೋಡುತ್ತಿದ್ದರು. "ಪಟ್ಟಿ ಒಂಚೂರು ಅಗಲ ಆಗಿದೆ. ಕಾಲನ್ನ ಇನ್ನೂ ಒಳಗೆ ತಂದು ಕಟ್ಟಿ. ನೀವು ಹಿಡ್ಕೊಳ್ಳಿ ಮೇಡಂ, ಅಮ್ಮಾ, ನೀವು ಸುತ್ತಿ." ಮೂವರೂ ಟ್ರಂಕಿನ ಮೇಲೆ ಬಗ್ಗಿ ಕಟ್ಟಿದೆವು. ಟೀ ಕೊಟ್ಟರೆ ಲೋಟಕ್ಕೂ ಮುಂಗೈ ತಾಗಿಸಿಯೇ ಕುಡಿದರು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ.

ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಅವತ್ತು ಕಿವಿ ಬಗ್ಗೆ ನಾನು ಹಾಗನ್ನಬಾರದಿತ್ತು," ಎಂದರು.

"ಸರಿಯಾಗೇ ಅಂದಿದ್ರಿ," ಎಂದೆ.

ಅವರ ಹೆಂಡತಿ ಕಟ್ಟಿದ್ದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದರಂತೆ. ಒಂದು ಪೆಟ್ಟಿಗೆ ನಮ್ಮ ಮರಿಗಳಿಗೆ ಕಳಿಸಿದ್ದಾರೆ, ಟ್ರಂಕು ಸಾಲದಾಗಿದೆ.

ಮಾರ್ಚ್ 15, ಶುಕ್ರವಾರ

ಟ್ರೇಗಳ ತಳಕ್ಕೆ ಗೋಣಿ ಹಾಸಿ, ಹದಿನೆಂಟು ದಿನ ಕಾವು ಪಡೆದ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟೆವು. ಪ್ರತಿ ಮೊಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಕಪ್ಪಗೆ ಏನೋ ಸರಿದಾಡುತ್ತದೆ. ಸೊಂಟ ಮುರಿದುಹೋಗಿದೆ. ಮೂರು ಸಲ ಬೈಸಿಕೊಂಡೆ, ಮೂರು ಸಲವೂ ತಪ್ಪು ನನ್ನದೇ.

ನಾಲ್ಕನೆಯದೂ ಓಡಿತು. ಅತ್ತಿಗೆ ಹೊಲಿಯುವಾಗ ಎಂಟೂ ಅವರ ಪಾದದ ಸುತ್ತ ಇರುತ್ತವೆ. ಯಂತ್ರದ ಪೆಡಲ್ ತುಳಿಯಲು ಬಿಡುತ್ತಿಲ್ಲ ಎಂದು ದೂರು.

ಮಾರ್ಚ್ 18, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಅವರು ನನ್ನನ್ನು ಯಂತ್ರದ ಬಾಗಿಲಿನ ಪುಟ್ಟ ಗಾಜಿನ ಹತ್ತಿರ ನಿಲ್ಲಿಸಿದರು. ಒಳಗೆ ಸಣ್ಣ ದೀಪ. "ಎಡಗಡೆ, ಮೇಲಿನ ಟ್ರೇ, ಮೂಲೇದು," ಎಂದರು.

ಮೊಟ್ಟೆಯ ದಪ್ಪ ತುದಿಯಲ್ಲಿ ಸಾಸಿವೆಯಷ್ಟು ತೂತಿತ್ತು. ಅದರೊಳಗೆ ಕೊಕ್ಕು ಕಾಣಿಸಿತು, ಹೋಯಿತು, ಮತ್ತೆ ಕಾಣಿಸಿತು. ಒಂದು ಚೂರು ಒಡೆಯುವುದು, ಬಹಳ ಹೊತ್ತು ಸುಮ್ಮನಿರುವುದು. ಸತ್ತೇ ಹೋಯಿತೇನೋ ಎಂದು ನಾನು ಎರಡು ಸಲ ಅವರ ಕಡೆ ತಿರುಗಿದೆ. "ದಣಿವಾರಿಸ್ಕೋತಿದೆ," ಎಂದರು. ಒಳಗೇ ಸುತ್ತ ತಿರುಗುತ್ತಾ ಅದು ಚಿಪ್ಪಿಗೆ ಸುತ್ತಲೂ ಬಿರುಕು ಹಾಕಿತು, ಡಬ್ಬಿಯ ಮುಚ್ಚಳ ಕೊಯ್ದ ಹಾಗೆ. ಆಮೇಲೆ ಇಡೀ ಮೈಯಿಂದ ಒಮ್ಮೆ ಒದೆಯಿತು. ಮುಚ್ಚಳ ಬಿದ್ದುಹೋಯಿತು.

ಒದ್ದೆಯ ಒಂದು ಮುದ್ದೆ ಹೊರಗೆ ಉರುಳಿತು. ಕಣ್ಣಿಗಿಂತ ಮೊದಲು ನಾನು ಕಾಲು ನೋಡಿದೆ. ಎರಡೂ ಮೈಯಡಿಗೇ ಮಡಚಿದ್ದವು, ಒಂದಿಷ್ಟೂ ಸೊಟ್ಟಗಿರಲಿಲ್ಲ. ಅದು ಏಳಲು ನೋಡಿತು, ಬಿತ್ತು. ಮತ್ತೆ ನೋಡಿತು. ಬೆರಳುಗಳು ಗೋಣಿಯ ಒಂದು ಎಳೆಯನ್ನು ಹುಡುಕಿ ಹಿಡಿದುಕೊಂಡವು. ನಿಂತಿತು. ಲೋಕಕ್ಕೆ ಬಂದು ಒಂದು ಗಂಟೆಯೂ ಆಗಿರಲಿಲ್ಲ. ನನಗೆ ಕೈ ಮುಗಿಯಬೇಕೆನ್ನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

ನನ್ನ ಕೈಯಲ್ಲಿ ಹಾದುಹೋದ ಮರಿಗಳು ಲಕ್ಷಗಟ್ಟಲೆ. ಎಲ್ಲವೂ ಒಣಗಿ, ನಯವಾಗಿ, ಟ್ರೇಯಲ್ಲಿ ಮೇಜಿಗೆ ಬರುತ್ತಿದ್ದವು. ಯಂತ್ರದ ಮನೆ ಇದ್ದದ್ದು ಮೂವತ್ತು ಹೆಜ್ಜೆ ಆಚೆ. ಒಂದು ಮರಿಯೂ ಹುಟ್ಟುವುದನ್ನು ನಾನು ನೋಡಿರಲಿಲ್ಲ. ಅದನ್ನು ಹಾಗೆಯೇ ಅವರಿಗೆ ಹೇಳಿದೆ.

ನಗುತ್ತಾರೆ ಅಂದುಕೊಂಡಿದ್ದೆ. ಅವರು ಎಲ್ಲಿಂದಲೋ ಒಂದು ಸ್ಟೂಲು ತಂದು ಗಾಜಿನ ಮುಂದೆ ಇಟ್ಟರು.

"ಇನ್ನೂ ಸಾವಿರದ ನಾನ್ನೂರು ಇವೆ ಮೇಡಂ," ಎಂದರು. "ಕೂತ್ಕೊಂಡು ನೋಡಿ."